ಅರವತ್ತು ದಾಟಿದ ಮೇಲೂ ಡ್ರಮ್ ಕೋರ್‌ನಲ್ಲಿ ಉಳಿಯುವುದು ಹೇಗೆ

ಡ್ರಮ್ ಆ್ಯಂಡ್ ಬ್ಯೂಗಲ್ ಕೋರ್ ಅಂದರೆ ಅಮೆರಿಕದಲ್ಲಿ ಬಹಳ ಜನಕ್ಕೆ ಕಾಲೇಜು ಹುಡುಗ ಹುಡುಗಿಯರೇ ನೆನಪಾಗುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ ಹಿತ್ತಾಳೆ ವಾದ್ಯ ಊದುತ್ತಾ, ಡ್ರಮ್ ಬಾರಿಸುತ್ತಾ, ಬಾವುಟ ತಿರುಗಿಸುತ್ತಾ ಸಾಲು ಕಟ್ಟಿ ಮುರಿಯುವ ಎಳೆಯರು. ಬೇಸಿಗೆಯಿಡೀ ಊರೂರು ಸುತ್ತುವ ಆ ದೊಡ್ಡ ತಂಡಗಳಲ್ಲಿ ಇಪ್ಪತ್ತೆರಡರ ಹತ್ತಿರ ಬಂದರೆ ಮುಗಿಯಿತು, ಹೊರಗೆ ಬರಬೇಕು. ಹಾಗಾಗಿ ಅರವತ್ತನಾಲ್ಕರ ನಾನು ಶನಿವಾರ ಬೆಳಿಗ್ಗೆ ರಿಹರ್ಸಲ್ ಇದೆ ಅಂದರೆ ಕನ್ನಡ ಕೂಟದ ಗೆಳತಿಯರು "ಯಾರದ್ದು, ಮಗಳದ್ದಾ?" ಅಂತ ಕೇಳುತ್ತಾರೆ. ಅಲ್ಲ, ನನ್ನದೇ.

ಈ ಕಲೆಯನ್ನು ಬೆಳೆಸಿದವರಲ್ಲಿ ದೊಡ್ಡವರೇ ಮುಂದೆ ಇದ್ದರು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳಲ್ಲಿ ಡ್ರಮ್ಮು, ಬ್ಯೂಗಲ್ಲು ಹಿಡಿದು ತಂಡ ಕಟ್ಟಿದರು. ನಾನಿರುವ ನ್ಯೂಜೆರ್ಸಿಯ ಹಾಥಾರ್ನ್ ಕ್ಯಾಬಯೆರೋಸ್ ತಂಡವನ್ನು 1946ರಲ್ಲಿ ಕಟ್ಟಿದವರೂ ಎರಡನೇ ಮಹಾಯುದ್ಧದಿಂದ ಮರಳಿದವರು. ಪಕ್ಕದ ಪೆನ್ಸಿಲ್ವೇನಿಯಾದ ರೆಡಿಂಗ್ ಬಕನಿಯರ್ಸ್ 1957ರದ್ದು. ಇಂಥ ತಂಡಗಳಿಗಾಗಿ 1960ರ ದಶಕದಲ್ಲಿ ಡ್ರಮ್ ಕೋರ್ ಅಸೋಸಿಯೇಟ್ಸ್ ಅನ್ನುವ ಒಕ್ಕೂಟ ಶುರುವಾಯಿತು. ಸೆಪ್ಟೆಂಬರ್ ಆರಂಭದ ಲೇಬರ್ ಡೇ ರಜೆಯಲ್ಲಿ ಅದರ ಅಂತಿಮ ಸ್ಪರ್ಧೆ ದಶಕಗಳ ಕಾಲ ನಡೆಯಿತು. 2024ರಿಂದ ಅದೆಲ್ಲ ಎಳೆಯರ ಸಂಸ್ಥೆಯಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನೊಳಗೆ 'ಆಲ್ ಏಜ್' ವಿಭಾಗವಾಗಿ ಸೇರಿಕೊಂಡಿದೆ. ಇಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಹದಿನೆಂಟರ ಹುಡುಗನ ಪಕ್ಕ ಐವತ್ತೆಂಟರವರು ನಿಂತು ಊದುತ್ತಾರೆ. ಇದಲ್ಲದೆ ಹಳೆಯ ಸದಸ್ಯರ ಅಲಮ್ನೈ ತಂಡಗಳು ಬೇರೆ ಇವೆ. ಅವುಗಳಲ್ಲಿ ಹಲವು ಮೈದಾನದಲ್ಲಿ ಸುತ್ತುವುದಿಲ್ಲ, ನಿಂತಲ್ಲೇ ನುಡಿಸುತ್ತವೆ.

ನಾನು ಮೈಸೂರಿನಲ್ಲಿ ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವಳು. ಮದುವೆ, ಅಮೆರಿಕ, ಕೆಲಸ, ಮಕ್ಕಳು ಅಂತ ಅದು ಮರೆತೇ ಹೋಗಿತ್ತು. ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್ ಸೇರಿದಾಗ ಸಹಾಯಕ್ಕೆ ಹೋದೆ. ಅಲ್ಲಿಂದ ಒಂದು ಆಲ್ ಏಜ್ ತಂಡದ ಬೇಸ್ ಡ್ರಮ್ ಸಾಲಿಗೆ ಬಂದೆ. ಈಗ ಮರಿಂಬಾ, ಅಂದರೆ ಕೋಲಿನಿಂದ ಬಾರಿಸುವ ಪಟ್ಟಿಗಳ ದೊಡ್ಡ ವಾದ್ಯದ ಮುಂದೆ ನಿಲ್ಲುತ್ತೇನೆ. ಇದನ್ನು ಬರೆಯುತ್ತಿರುವುದು ಮೊಣಕಾಲೋ ಸೊಂಟವೋ ತಕರಾರು ಶುರು ಮಾಡಿ, "ಇನ್ನು ಸಾಕು, ಎಳೆಯರಿಗೆ ಬಿಟ್ಟುಬಿಡೋಣ" ಅಂತ ಯೋಚಿಸುತ್ತಿರುವವರಿಗೆ. ನನ್ನ ಮಾತು ಒಂದೇ. ತಂಡ ಬಿಡುವ ಮೊದಲು ತಂಡದೊಳಗೆ ಜಾಗ ಬದಲಿಸಿ ನೋಡಿ. ಅಭ್ಯಾಸದ ಮಟ್ಟವನ್ನು ಮಾತ್ರ ಇಳಿಸಬೇಡಿ.

ಮೊದಲು ಭಾರ ಇಳಿಸಿ

ನಮ್ಮ ವಯಸ್ಸಿನವರು ತಂಡ ಬಿಡುವುದು ಸಂಗೀತ ಬಾರದೆ ಅಲ್ಲ, ಭಾರ ಹೊರಲಾರದೆ. ಬೇಸ್ ಡ್ರಮ್ ಸಾಲಿನಲ್ಲಿ ಸಾಮಾನ್ಯವಾಗಿ ಐದು ಡ್ರಮ್ ಇರುತ್ತವೆ, ಚಿಕ್ಕದರಿಂದ ದೊಡ್ಡದಕ್ಕೆ. ಹೆಗಲಿಗೆ ಹಾಕುವ ಕ್ಯಾರಿಯರ್ ಎಷ್ಟೇ ಚೆನ್ನಾಗಿದ್ದರೂ ದೊಡ್ಡ ಡ್ರಮ್ ಮುಂದಕ್ಕೆ ಎಳೆಯುತ್ತದೆ, ಸೊಂಟ ಅದನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ಇಡೀ ದಿನ ಹೀಗೆ. ಆದ್ದರಿಂದ ಮೊದಲ ಹೆಜ್ಜೆ ಅದೇ ಸಾಲಿನಲ್ಲಿ ಚಿಕ್ಕ ಡ್ರಮ್ಮಿಗೆ ಹೋಗುವುದು. ಆದರೆ ಅದು ಸುಲಭದ ಜಾಗ ಅಂದುಕೊಳ್ಳಬೇಡಿ. ಚಿಕ್ಕ ಡ್ರಮ್ಮಿಗೆ ಬರುವ ಪಾಠ ಹೆಚ್ಚು ಚುರುಕು. ಬೆನ್ನು ಉಳಿಯುತ್ತದೆ, ಕೈ ಜಾಸ್ತಿ ದುಡಿಯುತ್ತದೆ.

ಹಿತ್ತಾಳೆಯವರಿಗೂ ಇದೇ ಮಾತು. ಕಾಂಟ್ರಾ, ಅಂದರೆ ಹೆಗಲ ಮೇಲೆ ಹೊರುವ ಟ್ಯೂಬಾ, ಹತ್ತು ಕಿಲೋ ದಾಟುತ್ತದೆ. ನಮ್ಮ ತಂಡದಲ್ಲಿ ವರ್ಷಗಟ್ಟಲೆ ಕಾಂಟ್ರಾ ಊದಿದ ಹಿರಿಯರೊಬ್ಬರು ಈಗ ಅದಕ್ಕಿಂತ ಚಿಕ್ಕದಾದ ಬ್ಯಾರಿಟೋನ್‌ಗೆ ಬಂದಿದ್ದಾರೆ. ಮೌತ್‌ಪೀಸ್ ಚಿಕ್ಕದಾಗುತ್ತದೆ, ತುಟಿಗೆ ಒಗ್ಗಲು ಒಂದು ಚಳಿಗಾಲ ಬೇಕು. ಒಗ್ಗಿದ ಮೇಲೆ ಅವರ ದನಿ ಇಡೀ ಸಾಲನ್ನು ಹಿಡಿದು ನಿಲ್ಲಿಸುತ್ತದೆ. ಕೆಳಸ್ವರದಲ್ಲಿ ಬೆಳೆದ ಕಿವಿ ಶ್ರುತಿಯನ್ನು ಬೇಗ ಹಿಡಿಯುತ್ತದೆ ಅನ್ನುವುದು ನನ್ನ ನಂಬಿಕೆ.

ನಡೆಯುವುದೇ ಕಷ್ಟವಾದರೆ ಫ್ರಂಟ್ ಎನ್ಸೆಂಬಲ್ ಇದೆ. ಪಿಟ್ ಅಂತಲೂ ಕರೆಯುತ್ತೇವೆ. ಮರಿಂಬಾ, ವೈಬ್ರಫೋನ್, ಗಾಂಗ್, ಟಿಂಪನಿ ಎಲ್ಲ ಮೈದಾನದ ಮುಂದಿನ ಗೆರೆಯ ಹತ್ತಿರ ನೆಲದ ಮೇಲೇ ಇರುತ್ತವೆ. ಹಾರ್ಮೋನಿಯಂ ಮನೆಗಳು ಗೊತ್ತಿರುವವರಿಗೆ ಮರಿಂಬಾದ ಪಟ್ಟಿಗಳು ಯಾವುದು ಎಲ್ಲಿದೆ ಅಂತ ಹೇಳಿಕೊಡಬೇಕಾಗಿಲ್ಲ, ಜೋಡಣೆ ಅದೇ. ಕಷ್ಟ ಇರುವುದು ಕೋಲು ಹಿಡಿಯುವುದರಲ್ಲಿ. ಈಗಿನ ತಂಡಗಳಲ್ಲಿ ಒಂದೊಂದು ಕೈಯಲ್ಲಿ ಎರಡೆರಡು ಮ್ಯಾಲೆಟ್ ಹಿಡಿಯುವ ಸ್ಟೀವನ್ಸ್ ಹಿಡಿತ ಜಾಸ್ತಿ. ಹೆಬ್ಬೆರಳ ಬುಡದಲ್ಲಿ ಸಂಧಿವಾತ ಇದ್ದರೆ ಅದು ನೋಯುತ್ತದೆ. ಕೋಲುಗಳನ್ನು ಅಂಗೈಯಲ್ಲಿ ಅಡ್ಡ ಹಾಕಿ ಹಿಡಿಯುವ ಬರ್ಟನ್ ಹಿಡಿತ ಕೇಳಿ ಕಲಿಯಿರಿ. ಅಥವಾ ಎರಡೇ ಮ್ಯಾಲೆಟ್ ಸಾಕಾಗುವ ಭಾಗ ಕೊಡಿ ಅಂತ ಹೇಳಿ. ಅಂಥ ಭಾಗಗಳು ಪ್ರತಿ ಷೋನಲ್ಲೂ ಇರುತ್ತವೆ.

ಪಿಟ್‌ಗೆ ಬಂದವರು ಕಲಿಯಬೇಕಾದ ದೊಡ್ಡ ಪಾಠ ಹಿಂದಕ್ಕೆ ಕಿವಿ ಕೊಡುವುದು. ಮೈದಾನದ ಆಳ ಸುಮಾರು 49 ಮೀಟರ್. ಹಿಂದಿನ ಗೆರೆಯಲ್ಲಿ ನಿಂತು ಬಾರಿಸಿದ ಸದ್ದು ಮುಂದೆ ಬರಲು ಸೆಕೆಂಡಿನ ಏಳನೇ ಒಂದು ಭಾಗ ಹಿಡಿಯುತ್ತದೆ. ನಿಮಿಷಕ್ಕೆ 160ರ ನಡೆಯಲ್ಲಿ ಅದು ಒಂದು ಬೀಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಿಂದಿನವರು ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಿ ಬಾರಿಸುತ್ತಾರೆ. ಮುಂದಿರುವ ನಾವೂ ಅದೇ ಕೈ ನೋಡಿ ಬಾರಿಸಿದರೆ ಪ್ರೇಕ್ಷಕರಿಗೆ ಎರಡು ಸದ್ದು ಬೇರೆ ಬೇರೆ ಕೇಳಿಸುತ್ತವೆ. ಅದಕ್ಕೇ ಪಿಟ್‌ನವರು ಕೈ ನೋಡದೆ, ಬೆನ್ನ ಹಿಂದಿನ ಡ್ರಮ್ ಸಾಲನ್ನು ಕೇಳಿ ಅದರ ಜೊತೆ ಸೇರುತ್ತಾರೆ. ವರ್ಷಗಳ ಕಾಲ ಸಾಲಿನಲ್ಲಿ ನಡೆದು ಬಂದವರಿಗೆ ಇದು ಬೇಗ ಬರುತ್ತದೆ. ಹಿಂದೆ ಏನು ನಡೆಯುತ್ತಿದೆ ಅನ್ನುವುದು ನಮ್ಮ ಮೈಗೆ ಗೊತ್ತಿರುತ್ತದೆ. ಹಿರಿಯರನ್ನು ಪಿಟ್‌ಗೆ ತರುವುದರಿಂದ ತಂಡಕ್ಕೆ ನಿಜವಾದ ಲಾಭ ಇದು.

ಒಂದು ಎಚ್ಚರಿಕೆ. ಮರಿಂಬಾ ನಡೆಯುವುದಿಲ್ಲ, ಆದರೆ ಟ್ರಕ್ಕಿಗೆ ಏರಬೇಕು, ಇಳಿಯಬೇಕು. ಸೊಂಟಗಳು ಕೆಡುವುದು ಅಲ್ಲೇ. ನಾಲ್ಕು ಜನ ಬರುವವರೆಗೆ ಕೈ ಹಚ್ಚಬೇಡಿ.

ಕಾಲು ಇನ್ನೂ ಒಪ್ಪುತ್ತಿದ್ದರೆ

ಮೈದಾನದ ಸಾಮಾನ್ಯ ಹೆಜ್ಜೆ ಐದು ಗಜಕ್ಕೆ ಎಂಟು, ಅಂದರೆ ಒಂದೊಂದು ಸುಮಾರು 57 ಸೆಂಟಿಮೀಟರ್. ಇದು ಅರವತ್ತರವರಿಗೂ ಕಷ್ಟ ಅಲ್ಲ. ಕಷ್ಟ ಕೊಡುವುದು ಐದು ಗಜಕ್ಕೆ ಆರು ಅಥವಾ ಇನ್ನೂ ಉದ್ದದ ಹೆಜ್ಜೆ, ವೇಗದ ನಡೆಯಲ್ಲಿ, ಅದೂ ಹಿಮ್ಮುಖವಾಗಿ. ಹಿಂದಕ್ಕೆ ನಡೆಯುವಾಗ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಎಲ್ಲ ಭಾರ ಕಾಲಿನ ಮುಂಭಾಗದ ಮೇಲೆ. ಮೀನಖಂಡ ಮೊದಲು ಸೋಲುತ್ತದೆ, ಆಮೇಲೆ ಮೊಣಕಾಲು.

ಯಾರು ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆಯಲ್ಲಿ ಹೋಗಬೇಕು ಅನ್ನುವುದನ್ನು ಡ್ರಿಲ್ ಬರೆಯುವವರು ನಿರ್ಧರಿಸುತ್ತಾರೆ. ಪ್ರತಿಯೊಬ್ಬರಿಗೂ ಪುಟಪುಟಕ್ಕೆ ಒಂದು ಚುಕ್ಕಿ ಇರುತ್ತದೆ, ಡಾಟ್ ಅನ್ನುತ್ತೇವೆ. ಒಂದೇ ಆಕಾರದಲ್ಲಿ ಒಬ್ಬರಿಗೆ ನಾಲ್ಕು ಗಜ ನಡಿಗೆ, ಇನ್ನೊಬ್ಬರಿಗೆ ಇಪ್ಪತ್ತು ಗಜ ಓಟ ಬರಬಹುದು. ತಿರುಗುವ ಸಾಲಿನಲ್ಲಿ ಒಳತುದಿಯವರು ಕಡಿಮೆ ನಡೆಯುತ್ತಾರೆ, ಹೊರತುದಿಯವರು ಹಾರುತ್ತಾರೆ. ನಿಮಗೆ ಒಳತುದಿ ಬೇಕು ಅನ್ನುವುದನ್ನು ಡ್ರಿಲ್ ಬರೆಯುವ ಮೊದಲೇ, ಚಳಿಗಾಲದಲ್ಲೇ ಹೇಳಿ. ಜೂನ್‌ನಲ್ಲಿ ಹೇಳಿದರೆ ಹತ್ತು ಜನರ ಚುಕ್ಕಿ ಬದಲಿಸಬೇಕಾಗುತ್ತದೆ, ಯಾರೂ ಖುಷಿ ಪಡುವುದಿಲ್ಲ. ಫೆಬ್ರವರಿಯಲ್ಲಿ ಹೇಳಿದರೆ ಒಂದು ಸಾಲಿನ ಕ್ರಮ ಬದಲಿಸಿದರೆ ಆಯಿತು. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ತಂಡದ ಆಕಾರ ಚೆನ್ನಾಗಿ ಬರಲಿ ಅಂತಲೇ ಅಲ್ವಾ ಕೇಳುವುದು?

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ದಿನಾ ಮಾಡಬೇಕು. ಅಡುಗೆಕಟ್ಟೆ ಹಿಡಿದು ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂಟಿ ಕಾಲಲ್ಲಿ ನಿಲ್ಲುವುದು, ಪಕ್ಕದಲ್ಲಿ ಗೋಡೆ ಇರಲಿ. ಮೊಣಕಾಲು ಈಗಾಗಲೇ ಊದಿಕೊಳ್ಳುತ್ತಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, "ನಾನು ಹಿಮ್ಮುಖವಾಗಿ ತುದಿಗಾಲಲ್ಲಿ ನಡೆಯಬೇಕು" ಅಂತ ನಡೆದು ತೋರಿಸಿ. ಸುಮ್ನೆ "ವಾಕಿಂಗ್ ಮಾಡ್ತೀನಿ" ಅಂದರೆ ಅವರು ಬೇರೆಯದೇ ವ್ಯಾಯಾಮ ಕೊಡುತ್ತಾರೆ.

ಕನ್ನಡಕದ ಬಗ್ಗೆಯೂ ಹೇಳಬೇಕು. ಪ್ರೋಗ್ರೆಸಿವ್ ಗಾಜಿನ ಕೆಳಭಾಗ ಓದುವುದಕ್ಕೆ ಮಾಡಿದ್ದು. ಅದರಲ್ಲಿ ಕಾಲಬುಡದ ಗೆರೆ ಮಸುಕಾಗುತ್ತದೆ, ಎಡವುವ ಭಯ. ಮೈದಾನಕ್ಕೆ ದೂರದೃಷ್ಟಿಯ ಒಂದೇ ಪವರ್‌ನ ಕನ್ನಡಕ ಬೇರೆ ಮಾಡಿಸಿಕೊಳ್ಳಿ, ಹಿಂದಿನಿಂದ ಪಟ್ಟಿ ಕಟ್ಟಿ.

ತುಟಿ, ಹಲ್ಲು, ಕಣ್ಣು

ಹಿತ್ತಾಳೆ ಊದುವವರ ವಿಷಯ ನಾನು ಪಕ್ಕದಲ್ಲಿ ನಿಂತು ನೋಡಿ ಕಲಿತದ್ದು. ವಯಸ್ಸಾದ ಮೇಲೂ ಚೆನ್ನಾಗಿ ಊದುವವರು ಶನಿವಾರ ನಾಲ್ಕು ಗಂಟೆ ಊದುವವರಲ್ಲ, ದಿನಾ ಇಪ್ಪತ್ತು ನಿಮಿಷ ಊದುವವರು. ಮೊದಲು ಮೆಲ್ಲಗೆ ಉದ್ದ ಸ್ವರಗಳು. ಆಮೇಲೆ ವಾಲ್ವ್ ಒತ್ತದೆ ತುಟಿಯಲ್ಲೇ ಸ್ವರದಿಂದ ಸ್ವರಕ್ಕೆ ಜಾರುವುದು. ಎಷ್ಟು ಹೊತ್ತು ಊದಿದರೋ ಅಷ್ಟೇ ಹೊತ್ತು ವಾದ್ಯ ಕೆಳಗಿಡುವುದು. ಮೇಲಿನ ಸ್ವರ ಬಾರದಿದ್ದಾಗ ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿಯುವ ಚಟ ಇದ್ದರೆ ಈಗಲೇ ಬಿಡಿ. ಎಳೆಯ ತುಟಿ ಮರುದಿನ ಸರಿಹೋಗುತ್ತದೆ, ನಮ್ಮದು ಒಂದು ವಾರ ಕೇಳುತ್ತದೆ. ಮೇಲಿನ ಸ್ವರಗಳ ಮೊದಲ ಸೊಪ್ರಾನೋ ಭಾಗದಿಂದ ಮೂರನೆಯದಕ್ಕೆ ಇಳಿಯುವುದರಲ್ಲಿ ಅವಮಾನ ಏನೂ ಇಲ್ಲ. ಮೂರನೆಯ ಭಾಗ ಗಟ್ಟಿ ಇಲ್ಲದಿದ್ದರೆ ಮೊದಲನೆಯದು ಕೀರಲಾಗಿ ಕೇಳುತ್ತದೆ.

ಹಲ್ಲು ಚೆನ್ನಾಗಿರುವಾಗಲೇ ದಂತವೈದ್ಯರ ಹತ್ತಿರ ಮುಂಭಾಗದ ಹಲ್ಲುಗಳ ಅಚ್ಚು ತೆಗೆಸಿಡಿ. ಮುಂದೆ ಒಂದು ಹಲ್ಲು ಮುರಿದರೆ ಅದೇ ಆಕಾರದಲ್ಲಿ ಕೂರಿಸಲು ಆಗುತ್ತದೆ. ಒಂದು ಮಿಲಿಮೀಟರ್ ಆಚೀಚೆ ಆದರೂ ಊದುವವರಿಗೆ ಗೊತ್ತಾಗುತ್ತದೆ. ಗ್ಲಾಕೋಮಾ ಇರುವವರು ಕಣ್ಣಿನ ವೈದ್ಯರಿಗೆ ನೀವು ಯಾವ ವಾದ್ಯ ಊದುತ್ತೀರಿ ಅಂತ ಹೇಳಲೇಬೇಕು. ಟ್ರಂಪೆಟ್ ಥರ ಒತ್ತಡ ಹಾಕಿ ಊದುವ ವಾದ್ಯಗಳಲ್ಲಿ ಊದುವ ಹೊತ್ತಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ. ಹರ್ನಿಯಾ ಆಪರೇಷನ್ ಆದವರೂ ವೈದ್ಯರು ಒಪ್ಪುವವರೆಗೆ ಕಾಯಬೇಕು.

ಹಳೆಯ ಎರಡು ವಾಲ್ವ್‌ನ ಜಿ ಶ್ರುತಿಯ ಬ್ಯೂಗಲ್‌ನಲ್ಲೇ ಕಲಿತವರು ಇದ್ದಾರೆ. ಎಳೆಯರ ಸ್ಪರ್ಧೆಯಲ್ಲಿ 2000ದಿಂದ, ದೊಡ್ಡವರ ಸ್ಪರ್ಧೆಯಲ್ಲಿ ಅದಾದ ಕೆಲವು ವರ್ಷಕ್ಕೆ ಬೇರೆ ಶ್ರುತಿಯ ವಾದ್ಯಗಳಿಗೂ ಒಪ್ಪಿಗೆ ಸಿಕ್ಕಿತು. ಈಗ ಬಿ ಫ್ಲಾಟ್ ಮತ್ತು ಮೂರು ವಾಲ್ವ್ ಎಲ್ಲೆಲ್ಲೂ. ಹೊಸ ಬೆರಳಾಟ ಕಲಿಯುವ ಮನಸ್ಸಿಲ್ಲದಿದ್ದರೆ ಜಿ ಬ್ಯೂಗಲ್ ಇಟ್ಟುಕೊಂಡಿರುವ ಅಲಮ್ನೈ ತಂಡ ಹುಡುಕಿ. ಆ ದನಿಯ ದಪ್ಪವೇ ಬೇರೆ, ಅದನ್ನು ಉಳಿಸುವವರೂ ಬೇಕು.

ಕಿವಿ

ಇದೊಂದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅಮೆರಿಕದ ಉದ್ಯೋಗ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಆಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧ. ಹೀಗೆ ಇಳಿಸುತ್ತಾ ಬಂದರೆ 100 ಡೆಸಿಬೆಲ್‌ನಲ್ಲಿ ಹದಿನೈದು ನಿಮಿಷ. ಡ್ರಮ್ ಸಾಲಿನ ನಡುವೆ ನಿಂತವರು ಅದನ್ನು ಬೆಳಗಿನ ವಾರ್ಮ್ ಅಪ್‌ನಲ್ಲೇ ಮುಗಿಸಿರುತ್ತಾರೆ. ಬರೀ ಹತ್ತಿ ಇಟ್ಟುಕೊಂಡರೆ ಸಾಲದು. ಫೋಮ್ ಪ್ಲಗ್ ಹಾಕಿದರೆ ಮೇಲಿನ ಸ್ವರ ಮಾಯವಾಗಿ ಕೆಸರಲ್ಲಿ ನಿಂತ ಹಾಗೆ ಕೇಳುತ್ತದೆ, ಆಗ ಜನ ಕಿತ್ತು ಬಿಸಾಡುತ್ತಾರೆ. ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚು ಕಡಿಮೆ ಸಮನಾಗಿ ತಗ್ಗಿಸುತ್ತದೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಹಿಯರಿಂಗ್ ಏಡ್ ಇರುವವರು ಆಡಿಯಾಲಜಿಸ್ಟ್ ಹತ್ತಿರ ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಮಾಡಿಸಬೇಕು. ಮಾತಿಗೆ ಇಟ್ಟ ಸೆಟ್ಟಿಂಗ್‌ನಲ್ಲಿ ಮರಿಂಬಾ ಸದ್ದನ್ನು ಅದು ಗಲಾಟೆ ಅಂದುಕೊಂಡು ಅದುಮಿಬಿಡಬಹುದು. ಎಳೆಯರಿಗೂ ಹೇಳಿ. ನಮ್ಮ ಸಾಲಿನಲ್ಲಿ ಈಗ ಪ್ಲಗ್ ಇಲ್ಲದೆ ಯಾರೂ ಕೋಲು ಎತ್ತುವುದಿಲ್ಲ. ಅದು ನಾವು ಹಿರಿಯರು ಹಟ ಹಿಡಿದು ತಂದ ಪದ್ಧತಿ.

ಬಿಸಿಲು

ಮೈಸೂರಿನ ಬಿಸಿಲು ಕಂಡವರು ನ್ಯೂಜೆರ್ಸಿಯ ಜುಲೈ ಏನು ಮಹಾ ಅಂದುಕೊಳ್ಳುತ್ತಾರೆ. ಇಲ್ಲಿನ ಸೆಕೆ ಮಂಗಳೂರಿನದು. ಅದರ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಮೈದಾನ ನಿಜವಾದ ಹುಲ್ಲಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ವಾರವೆಲ್ಲ ಏಸಿಯಲ್ಲಿ ಕೂತು ಶನಿವಾರ ಹತ್ತು ಗಂಟೆ ಮೈದಾನದಲ್ಲಿ ನಿಲ್ಲುವುದು ಅಪಾಯ. ಮೇ ಕೊನೆಯಿಂದಲೇ ದಿನಾ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಆದ್ದರಿಂದ ಬಾಯಾರುವವರೆಗೆ ಕಾಯಬೇಡಿ, ಪ್ರತಿ ವಿರಾಮದಲ್ಲೂ ಕುಡಿಯಿರಿ. ನಾನು ಥರ್ಮಾಸಿನಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ ಒಯ್ಯುತ್ತೇನೆ. ಈಗ ನಮ್ಮ ಪಿಟ್‌ನ ಹುಡುಗರೂ ಲೋಟ ಚಾಚುತ್ತಾರೆ. ಆದರೆ ಬಿಪಿಗೆ ಉಪ್ಪು ಕಡಿಮೆ ಮಾಡಿ ಅಂದಿದ್ದರೆ ವೈದ್ಯರನ್ನು ಕೇಳಿಯೇ ಕುಡಿಯಿರಿ. ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಮೈಯ ನೀರು ಕಳೆಯುತ್ತದೆ. ಬೀಟಾ ಬ್ಲಾಕರ್ ತೆಗೆದುಕೊಂಡರೆ ನಾಡಿ ಅಷ್ಟಾಗಿ ಏರುವುದಿಲ್ಲ, ನೀವು ಎಷ್ಟು ದಣಿದಿದ್ದೀರಿ ಅನ್ನುವುದು ನಾಡಿಯಿಂದ ತಿಳಿಯುವುದಿಲ್ಲ. ಯಾರಾದರೂ ತೊದಲಿದರೆ, ಹೇಳಿದ್ದು ಅರ್ಥವಾಗದೆ ನಿಂತರೆ, ಅದು ದಣಿವಲ್ಲ. ತಕ್ಷಣ 911ಕ್ಕೆ ಫೋನ್ ಮಾಡಿ, ನೆರಳಿಗೆ ಒಯ್ದು ಮೈ ತಣಿಸಿ.

ನೆನಪು

ಹತ್ತು ಹನ್ನೆರಡು ನಿಮಿಷದ ಷೋ ಪೂರ್ತಿ ಬಾಯಿಪಾಠ ಇರಬೇಕು. ಹಾಳೆ ನೋಡುವ ಹಾಗಿಲ್ಲ. ಎಳೆಯರು ಎರಡು ದಿನದಲ್ಲಿ ಕಲಿಯುವುದು ನಮಗೆ ಎರಡು ವಾರ ಹಿಡಿಯಬಹುದು, ಆದರೆ ಬಂದ ಮೇಲೆ ಗಟ್ಟಿ. ನಾನು ಮೊದಲು ಬಾಯಲ್ಲಿ ಹೇಳುತ್ತೇನೆ, ಆಮೇಲೆ ಕೋಲು ಹಿಡಿಯುತ್ತೇನೆ. ಒಂದು ಬೀಟಿಗೆ ನಾಲ್ಕು ಬಂದರೆ ತಕಧಿಮಿ, ಮೂರು ಬಂದರೆ ತಕಿಟ. ಚಿಕ್ಕಂದಿನಲ್ಲಿ ಕೈಯಲ್ಲಿ ತಾಳ ಹಾಕಿ ಸಂಗೀತ ಕಲಿತವರಿಗೆ ಈ ದಾರಿ ಸಲೀಸು. ಮೆಟ್ರೋನೋಮ್ ಹಾಕಿಕೊಂಡು, ತಕಧಿಮಿ ಹೇಳುತ್ತಾ ಅದೇ ನಡೆಯಲ್ಲಿ ಹೆಜ್ಜೆ ಹಾಕಿದರೆ ಪಾಠ ಕಾಲಿಗೂ ಇಳಿಯುತ್ತದೆ. ತಾಳದ ಕೊನೆಯ ಎಂಟು ಸುತ್ತಿನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಆಗ ಷೋ ಮುಂದುವರಿದಂತೆ ಹೆಚ್ಚು ಗೊತ್ತಿರುವ ಜಾಗಕ್ಕೇ ಹೋಗುತ್ತಿರುತ್ತೀರಿ, ಗಾಬರಿ ಕಡಿಮೆ.

ಎಳೆಯರ ಜೊತೆ

ನಮಗೆ ಹೇಳಿಕೊಡುವವರಿಗೆ ಇಪ್ಪತ್ತೈದು ವರ್ಷ ಇರಬಹುದು. ಅವರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ಎಲ್ಲರ ಎದುರು ತಿದ್ದುತ್ತಾರೆ. ಆಂಟಿ, ಅಮ್ಮ ಅಂತ ಕರೆಸಿಕೊಂಡು ಅಭ್ಯಾಸವಾದ ನಮಗೆ ಇದು ಚುಚ್ಚಬಹುದು. ನಾನಂತೂ ಇದನ್ನು ಗೌರವ ಅಂತಲೇ ತೆಗೆದುಕೊಂಡಿದ್ದೇನೆ. ತಿದ್ದುವುದನ್ನು ಬಿಟ್ಟರು ಅಂದರೆ ನನ್ನಿಂದ ಇನ್ನು ಏನೂ ಬರುವುದಿಲ್ಲ ಅಂತ ತೀರ್ಮಾನಿಸಿದರು ಅಂತ ಅರ್ಥ. ತಿದ್ದಿದಾಗ ಕಾರಣ ಕೊಡದೆ "ಸರಿ" ಅನ್ನಿ, ಮುಂದಿನ ಸಲ ಸರಿ ಮಾಡಿ.

ಆದರೆ ವಯಸ್ಸು ನೋಡಿ ಬೇರೆ ಕೆಲಸಕ್ಕೆ ತಳ್ಳಿದರೆ ಒಪ್ಪಬೇಡಿ. ಒಂದು ತಂಡದಲ್ಲಿ ನನ್ನ ತಲೆಗೂದಲು ನೋಡಿದ ಕೂಡಲೇ ಅಡುಗೆ ಟ್ರಕ್ಕಿನ ಸ್ವಯಂಸೇವಕರ ಪಟ್ಟಿ ಮುಂದೆ ಹಿಡಿದರು. ನೂರು ಜನರಿಗೆ ಊಟ ಹಾಕುವುದು ದೊಡ್ಡ ಕೆಲಸ, ಅದನ್ನು ಪ್ರೀತಿಯಿಂದ ಮಾಡುವವರಿಗೆ ನಾನು ಕೈ ಮುಗಿಯುತ್ತೇನೆ. ನಾನು ಹೋಗಿದ್ದು ಡ್ರಮ್ಮಿಗೆ. ಹಾಗಂತ ಹೇಳಿದೆ, ಕೋಲು ಹಿಡಿದು ಬಾರಿಸಿ ತೋರಿಸಿದೆ. ನೀವೂ ಹಾಗೇ ಮಾಡಿ. ವಯಸ್ಸಿನ ರಿಯಾಯಿತಿ ಕೇಳದೆ, ಅದೇ ಆಡಿಷನ್ ಕೊಡಿ.

ಈಗ ಏನು ಮಾಡಬೇಕು

ಸೀಸನ್ ಬೇಸಿಗೆ ಕೊನೆಗೆ ಮುಗಿಯುತ್ತದೆ. ಹೊಸ ವರ್ಷದ ಕ್ಯಾಂಪುಗಳು ಸಾಮಾನ್ಯವಾಗಿ ಚಳಿ ಶುರುವಾಗುವ ಹೊತ್ತಿಗೆ ಆರಂಭ. ನಡುವಿನ ಆ ಎರಡು ತಿಂಗಳೇ ಜಾಗ ಬದಲಿಸುವ ಕಾಲ. ತಂಡದ ನಿರ್ದೇಶಕರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಈ ವರ್ಷದ ಷೋನಲ್ಲಿ ಯಾವ ವಾದ್ಯಕ್ಕೆ ಜನ ಕಡಿಮೆ? ತಿಂಗಳಿಗೆ ಎಷ್ಟು ವಾರಾಂತ್ಯ ರಿಹರ್ಸಲ್, ಎಲ್ಲವೂ ಬರಲೇಬೇಕಾ? ರಾತ್ರಿ ಎಲ್ಲಿ ಮಲಗುವುದು? ಶಾಲೆಯ ಜಿಮ್ ನೆಲ ಅಂದರೆ ಮಡಚುವ ಮಂಚ ತರಲು ಒಪ್ಪಿಗೆ ಕೇಳಿ. ರಾತ್ರಿ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವವರು ಪ್ಲಗ್ ಪಾಯಿಂಟ್ ಹತ್ತಿರದ ಜಾಗ ಮೊದಲೇ ಹೇಳಿಡಿ. ಶುಲ್ಕ ಎಷ್ಟು, ಕಂತಿನಲ್ಲಿ ಕಟ್ಟಬಹುದಾ ಅನ್ನುವುದನ್ನೂ ಬರೆದುಕೊಳ್ಳಿ. ವಾದ್ಯ ಬದಲಿಸುವುದಾದರೆ ಹಳೆಯ ವಾದ್ಯವನ್ನು ಅದೇ ತಿಂಗಳು ತಂಡಕ್ಕೆ ಒಪ್ಪಿಸಿ, ಹೊಸದನ್ನು ಮನೆಗೆ ತನ್ನಿ. ಮೊದಲ ಕ್ಯಾಂಪಿಗೆ ಹೋಗುವಾಗ ಅದು ನಿಮ್ಮ ಕೈಗೆ ಹೊಸದಾಗಿರಬಾರದು.